ಉಳಿದಿದ್ದ ಒಂದು ಭಾಗಾಕಾರ

ಮುದ್ರಣಾಲಯದ ಹಳೆಯ ಯಂತ್ರವನ್ನು ಗುಜರಿಗೆ ಹಾಕಿದ ದಿನ ಅದರ ಎಣಿಕೆ ಡಬ್ಬಿ 9,38,957ಕ್ಕೆ ನಿಂತಿತ್ತು. ಆರಂಕಿಯ ಆ ಡಬ್ಬಿ ಎಷ್ಟು ಸಲ ಸುತ್ತಿ ಸೊನ್ನೆಗೆ ಬಂದಿತ್ತೋ, ಲೆಕ್ಕವಿಟ್ಟವರಿಲ್ಲ. ಇಪ್ಪತ್ತಾರು ವರ್ಷ ಯಂತ್ರ ಓಡಿಸಿದವನು ಕೈಯ ಮಸಿ ಒರೆಸಿಕೊಳ್ಳುತ್ತ, "ಇದು ಅವಿಭಾಜ್ಯ ಕಣೋ. ಒಂದನ್ನೂ ತನ್ನನ್ನೂ ಬಿಟ್ಟು ಬೇರೆ ಯಾವುದಕ್ಕೂ ಬಗ್ಗಲ್ಲ," ಎಂದ.

ಕಾಗದ ಸಿಕ್ಕಿಕೊಂಡು ಯಂತ್ರ ನಿಂತಾಗಲೆಲ್ಲ ಡಬ್ಬಿಯಲ್ಲಿ ಕಂಡ ಸಂಖ್ಯೆಯನ್ನು ರದ್ದಿ ಹಾಳೆಯಲ್ಲಿ ಒಡೆಯುತ್ತ ಕೂರುತ್ತಿದ್ದ ಅವನಿಗೆ ಭಾಗಾಕಾರ ಎಂದೇ ಹೆಸರು ಬಿದ್ದಿತ್ತು. ಕರಡು ತಿದ್ದುವ ಗೆಳೆಯನಿಗೆ ಲೆಕ್ಕ ಅಷ್ಟಕ್ಕಷ್ಟೆ. ಆದರೂ ಕೆಣಕದೆ ಇರಲಾಗಲಿಲ್ಲ.

"ಒಡೆಯುತ್ತೆ ಬಿಡೋ."

"ಒಡೆದ್ರೆ ಅರ್ಧ ಮೀಸೆ ಬೋಳಿಸ್ಕೊಂಡು ಬೀದೀಲಿ ಓಡಾಡ್ತೀನಿ. ಕ್ಯಾಲ್ಕುಲೇಟರ್ ಮುಟ್ಟೋ ಹಾಗಿಲ್ಲ."

ಆಮೇಲೆ ಅವನ ಶ್ವಾಸಕೋಶ ಕೈಕೊಟ್ಟಿತು. ಕಿಟಕಿಯ ಪಕ್ಕದ ಮಂಚದಲ್ಲಿ ಒರಗಿ, ಹಳೆಯ ಕರಡು ಹಾಳೆಗಳ ಹಿಂಬದಿಯಲ್ಲಿ ಅವನು ಲೆಕ್ಕಕ್ಕೆ ಕೂತ. ಎರಡು, ಮೂರು, ಐದು, ಏಳು ಎಂದು ಒಂದೊಂದೇ ಅವಿಭಾಜ್ಯದಿಂದ ಭಾಗಿಸಿ ನೋಡಬೇಕು. 969ನ್ನು ಅದರಿಂದಲೇ ಗುಣಿಸಿದರೆ ಆ ಸಂಖ್ಯೆಯನ್ನು ದಾಟುತ್ತದೆ. ಹಾಗಾಗಿ ಅದರೊಳಗಿನವು ಸಾಕು. ಒಟ್ಟು ನೂರ ಅರವತ್ತಮೂರು. ಉಸಿರು ಕೂಡಿಬಂದ ದಿನ ನಾಲ್ಕು, ಇಲ್ಲದ ದಿನ ಒಂದು.

"ಇವರು ನನ್ನ ಮುಖವನ್ನ ಇಷ್ಟು ಹೊತ್ತು ನೋಡಿದ್ದಿಲ್ಲ," ಎನ್ನುತ್ತಿದ್ದಳು ಹೆಂಡತಿ.

"ನೀನು ಮೊದಲನೇ ಸಲಕ್ಕೇ ಗೊತ್ತಾದೆಯಲ್ಲ," ಎನ್ನುತ್ತಿದ್ದ ಅವನು.

ಅವನು ಹೋದ ಹನ್ನೆರಡನೆಯ ದಿನ ಅವಳು ಆ ಹಾಳೆಗಳ ಕಟ್ಟನ್ನು ಗೆಳೆಯನ ಮುಂದಿಟ್ಟಳು. ನೂರ ಅರವತ್ತೆರಡು ಭಾಗಾಕಾರ ಮುಗಿದಿದ್ದವು. ಪ್ರತಿಯೊಂದರಲ್ಲೂ ಏನಾದರೂ ಉಳಿದಿತ್ತು. ಕೊನೆಯ ಹಾಳೆಯಲ್ಲಿ 967 ಎಂದು ಬರೆದು ಗೆರೆ ಎಳೆದಿತ್ತು, ಕೆಳಗೆ ಏನೂ ಇರಲಿಲ್ಲ.

"ಅವಿಭಾಜ್ಯ ಅಂತ ಬರೆದುಬಿಡಿ ಅಣ್ಣಾ. ಎತ್ತಿಡ್ತೀನಿ. ಅವರಿಗೆ ಗೊತ್ತೇ ಇತ್ತಲ್ಲ."

ಗೆಳೆಯ ಪೆನ್ನು ತೆಗೆದ. ಬರೆದುಬಿಟ್ಟರೆ ಕೇಳುವವರಿರಲಿಲ್ಲ. ಆದರೆ ಓದದ ಹಾಳೆಗೆ ಅವನು ಬದುಕಿನಲ್ಲಿ ಸಹಿ ಹಾಕಿದವನಲ್ಲ, ಅದು ಭಾಗಾಕಾರನಿಗೂ ಗೊತ್ತಿತ್ತು. ಭಾಗಾಕಾರನ ಮಾತು ತಪ್ಪೆಂದಾದರೆ ಇವಳಿಗೆ ಯಾವ ಮುಖದಿಂದ ಹೇಳುವುದು? ಹೇಳದಿದ್ದರೆ ಅವನ ಇಷ್ಟು ದಿನದ ಕೆಲಸಕ್ಕೆ ಏನು ಬೆಲೆ?

9,389ರಲ್ಲಿ 967 ಒಂಬತ್ತು ಸಲ ಹೋಯಿತು. ಕಳೆದು, ಐದನ್ನು ಇಳಿಸಿದ. ಏಳು ಸಲ. ತೊಂಬತ್ತಾರು ಉಳಿಯಿತು. ಕೊನೆಯ ಏಳನ್ನು ಇಳಿಸಿದಾಗ ಹಾಳೆಯಲ್ಲಿ 967 ಕೂತಿತ್ತು. ಅವನು ಮತ್ತೆ ಮೊದಲಿನಿಂದ ಮಾಡಿದ. ಮತ್ತೆ ಅದೇ ಬಂತು.

"ಏನಾಯ್ತು?"

"ಒಡೀತು ಅಮ್ಮ. 967, 971. ಅವೆರಡೂ ಮಾತ್ರ ಯಾವುದಕ್ಕೂ ಬಗ್ಗಲ್ಲ."

ಅವಳು ಹಾಳೆಯನ್ನು ಬೆಳಕಿಗೆ ಹಿಡಿದು, ಗಂಡನ ಗೆರೆಯ ಕೆಳಗಿನ ಬೇರೆ ಕೈಬರಹವನ್ನು ಬಹಳ ಹೊತ್ತು ನೋಡಿದಳು.

"ಇನ್ನೊಂದು ದಿನ ಇದ್ದಿದ್ರೆ ಅವರೇ ಕಂಡುಹಿಡೀತಿದ್ರು."

"ಹೌದು."

"ಮೀಸೆ ಉಳಿಸ್ಕೊಂಡು ಹೋದ್ರು ನೋಡಿ," ಎಂದಳು.

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಅವನು ಕೆಳಗೆ ತಾರೀಖು ಹಾಕಿದ. ಮೊದಲು ಭಾಗಾಕಾರನ ಹೆಸರು, ಪಕ್ಕದಲ್ಲಿ ತನ್ನದು.