ಜೈಲಿನೊಳಗಿನ ಮೆಟ್ಟಿಲುಗಳು

ಮೊನ್ನೆ ನಮ್ಮ ಬಡಾವಣೆಯ ಮನೆಮಾಲೀಕರ ಅಸೋಸಿಯೇಷನ್‌ನಿಂದ ನನ್ನ ಅರ್ಜಿಯೊಂದು ವಾಪಸ್ ಬಂತು. ಬೇಲಿಗೆ ಬಣ್ಣ ಹೊಡೆಸಲು ಅನುಮತಿ ಕೇಳಿದ್ದೆ. ಫಾರಂನಲ್ಲಿ ನನ್ನ ಅಕ್ಷರಗಳು ಚೌಕದಿಂದ ಆಚೆ ಹೋಗಿವೆಯಂತೆ. ಬೋಲಿಂಗ್‌ಬ್ರೂಕ್‌ನ ನನ್ನ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಹತ್ತು ನಿಮಿಷ ಬೈದೆ. ಆಮೇಲೆ ಶ್ರೀಕಂಠ ಅಂಕಲ್ ನೆನಪಾಗಿ ಬಾಯಿ ಮುಚ್ಚಿಕೊಂಡೆ. ಇದೇ ಕಾರಣಕ್ಕೆ ಅವರ ಕಾಗದವೂ ಒಮ್ಮೆ ವಾಪಸ್ ಬಂದಿತ್ತು.

ಅವರನ್ನು ನಿಮಗೆ ಪರಿಚಯಿಸಬೇಕು. ಮೈಸೂರಿನವರು, ಡೆಟ್ರಾಯಿಟ್ ಬಳಿ ಎಂಜಿನಿಯರ್ ಆಗಿದ್ದರು. ಈ ದೇಶಕ್ಕೆ ಬಂದ ಹೊಸದರಲ್ಲಿ ನಾನೂ ಅಲ್ಲೇ ಇದ್ದೆ; ನನಗೆ ಡ್ರೈವಿಂಗ್ ಕಲಿಸಿದವರು ಅವರೇ. ಅಂಥವರು ಒಂದು ಪಾರ್ಟಿಯಲ್ಲಿ ಕುಡಿದು ಕಾರು ಹತ್ತಿದರು. ಗುದ್ದಿದ ಏಟಿಗೆ ಒಬ್ಬ ಮನುಷ್ಯ ಸತ್ತ. ಅಂಕಲ್ ತಪ್ಪು ಒಪ್ಪಿಕೊಂಡರು. ಆರು ವರ್ಷ ಜೈಲಾಯಿತು. ಇಲ್ಲಿ ನಮ್ಮೂರ ಹತ್ತಿರದ ಲೆಮಾಂಟ್ ದೇವಸ್ಥಾನದಲ್ಲೂ ಯಾರಾದರೂ ಅವರ ಹೆಸರೆತ್ತಿದರೆ ಉಳಿದವರು ಮಾತು ಬದಲಿಸುತ್ತಿದ್ದರು. ನಾನೂ ಅಷ್ಟೆ. ಊಟದ ಸಾಲಿನಲ್ಲಿ ಪುಳಿಯೋಗರೆಯ ಬಗ್ಗೆ ನನ್ನಷ್ಟು ದೀರ್ಘವಾಗಿ ಮಾತಾಡಿದವರು ಇರಲಾರರು.

ಆದರೂ ತಿಂಗಳಿಗೊಮ್ಮೆ ಮಿಷಿಗನ್‌ನ ಜೈಲಿಗೆ ಹೋಗಿ ಅವರನ್ನು ನೋಡಿ ಬರುತ್ತಿದ್ದೆ. ಒಂದು ಸಲ ಕುಂಟುತ್ತಾ ಬಂದರು. ಸಕ್ಕರೆ ಕಾಯಿಲೆ, ಪಾದದಲ್ಲಿ ಹುಣ್ಣಾಗಿ ಮೂರು ವಾರವಾದರೂ ಜೈಲಿನವರು ಡಾಕ್ಟರಿಗೆ ತೋರಿಸಿರಲಿಲ್ಲ.

"ಕೇಸ್ ಹಾಕೋಣ ಅಂಕಲ್," ಅಂದೆ.

"ಹಾಗೆಲ್ಲ ಹಾಕಕ್ಕಾಗಲ್ಲಮ್ಮ. ಮೊದಲು ಜೈಲಿನವರಿಗೇ ದೂರು ಕೊಡಬೇಕು. ಅವರು ಇಲ್ಲ ಅಂದ್ರೆ ಅವರ ಮೇಲಿನವರಿಗೆ, ಆಮೇಲೆ ಅವರಿಗೂ ಮೇಲಿನವರಿಗೆ. ಒಂದು ಮೆಟ್ಟಿಲು ತಪ್ಪಿದ್ರೂ, ಒಂದು ದಿನ ತಡ ಆದ್ರೂ ಕೋರ್ಟು ಬಾಗಿಲಲ್ಲೇ ವಾಪಸ್ ಕಳಿಸುತ್ತೆ."

"ಯಾರ ಮೇಲೆ ದೂರೋ ಅವರಿಗೇ ಕೊಡೋದಾ?"

"ಅವರಿಗೇ."

ಮೊದಲ ದೂರು, ಅಕ್ಷರ ಚೌಕ ದಾಟಿದೆಯೆಂದು ವಾಪಸ್ ಬಂತು. ಎರಡನೆಯದು, ಒಂದೇ ಹಾಳೆಯಲ್ಲಿ ಹುಣ್ಣು, ಇನ್ಸುಲಿನ್ ಎಂದು ಎರಡು ವಿಷಯ ಇವೆಯೆಂದು. ಮೂರನೆಯದಕ್ಕೆ 'ನಿರಾಕರಿಸಲಾಗಿದೆ' ಎಂಬ ಉತ್ತರ ಸಿಕ್ಕಿತು. ಮೇಲಿನ ಮೆಟ್ಟಿಲಿಗೆ ಬೇರೆ ಫಾರಂ ಬೇಕು. ಅದು ಖಾಲಿಯಾಗಿದೆ ಎಂದರು ಕಾವಲಿನವರು. ಅಂಕಲ್ ದಿನಾ ಕೇಳಿದರು. ಯಾವತ್ತು, ಎಷ್ಟು ಗಂಟೆಗೆ, ಯಾರನ್ನು ಕೇಳಿದೆ, ಅವರು ಏನೆಂದರು, ಎಲ್ಲವನ್ನೂ ಬರೆದಿಟ್ಟು, ಕೈಯಲ್ಲೇ ಇನ್ನೊಂದು ಪ್ರತಿ ಮಾಡಿ ನನಗೆ ಅಂಚೆಯಲ್ಲಿ ಕಳಿಸಿದರು. ಅಷ್ಟರಲ್ಲಿ ಎರಡು ಕಾಲ್ಬೆರಳು ಕಪ್ಪಾದವು. ಆಸ್ಪತ್ರೆಗೆ ಒಯ್ದು ಕತ್ತರಿಸಿದರು.

ಮುಂದಿನ ಭೇಟಿಯಲ್ಲಿ ನಾನು ಅತ್ತುಬಿಟ್ಟೆ. "ಸಾಕು, ಬಿಟ್ಬಿಡಿ ಅಂಕಲ್. ಇವರ ಜೊತೆ ಗುದ್ದಾಡಕ್ಕಾಗುತ್ತಾ?"

ಅವರು ಮೇಜಿನ ಮೇಲೆ ಎರಡೂ ಕೈಯಿಟ್ಟು ಮುಂದೆ ಬಾಗಿದರು. "ಜಡ್ಜ್ ನಂಗೆ ಆರು ವರ್ಷ ಕೊಟ್ಟಿದ್ದಾರೆ. ಅದು ನ್ಯಾಯ, ಕಳೀತೀನಿ. ಕಾಲು ತೆಗೀರಿ ಅಂತ ಅವರು ಎಲ್ಲೂ ಬರೆದಿಲ್ಲ. ಇದನ್ನ ಇವರಿಗೆ ಕೊಡಲ್ಲ."

ಡೆಟ್ರಾಯಿಟ್‌ನ ವಕೀಲೆಯೊಬ್ಬರು ಕೇಸ್ ಹಾಕಿದರು. ಎದುರು ಪಕ್ಷದವರು ಕಾಲಿನ ಮಾತೇ ಎತ್ತಲಿಲ್ಲ. ಕೈದಿ ಎಲ್ಲ ಮೆಟ್ಟಿಲು ಹತ್ತಿಲ್ಲ, ವಜಾ ಮಾಡಿ ಎಂದರು. ವಕೀಲೆ ಅಂಕಲ್ ಬರೆದ ಹಾಳೆಗಳನ್ನು ಮುಂದಿಟ್ಟರು: ಹತ್ತೊಂಬತ್ತು ದಿನ, ಹತ್ತೊಂಬತ್ತು ಸಲ 'ಫಾರಂ ಖಾಲಿ'. ಫಾರಂ ಕೊಡದವರು, ಫಾರಂ ತುಂಬಿಲ್ಲ ಎಂದು ದೂರುವಂತಿಲ್ಲ ಎಂದು ನ್ಯಾಯಾಧೀಶರು ಬರೆದರು. ಕೇಸು ಉಳಿಯಿತು. ತಿಂಗಳೊಳಗೆ ಅಂಕಲ್‌ರನ್ನು ತಜ್ಞರ ಬಳಿ ಕರೆದೊಯ್ದರು. ಕಾಲೂ ಉಳಿಯಿತು.

ಈಗ ಅವರು ಹೊರಗಿದ್ದಾರೆ. ಕಳೆದ ಭಾನುವಾರ ನಮ್ಮ ಮನೆಗೆ ಊಟಕ್ಕೆ ಬಂದಿದ್ದಾಗ ಗ್ಲೆಂಡೇಲ್ ಹೈಟ್ಸ್‌ನಿಂದ ಒಬ್ಬ ಹೆಂಗಸು ಫೋನ್ ಮಾಡಿದರು; ದೇವಸ್ಥಾನದಲ್ಲಿ ಯಾರೋ ನನ್ನ ನಂಬರ್ ಕೊಟ್ಟಿದ್ದರಂತೆ. ಅವರ ತಮ್ಮ ಜೈಲಿನಲ್ಲಿದ್ದಾನೆ, ಎದೆನೋವಿನ ಮಾತ್ರೆ ಕೊಡುತ್ತಿಲ್ಲ.

"ಕಂಪ್ಲೇಂಟ್ ಬರೆದಿದ್ದಕ್ಕೆ ನೋ ಅಂದ್ರಂತೆ. ಮುಗೀತಲ್ಲ?" ಎಂದು ಬಿಕ್ಕಿದರು.

ಸ್ಪೀಕರಿನಲ್ಲಿ ಕೇಳಿಸಿಕೊಂಡ ಅಂಕಲ್ ಕೈತೊಳೆದು ಬಂದು ಫೋನ್ ತೆಗೆದುಕೊಂಡರು. "ಮುಗೀಲಿಲ್ಲ ತಾಯಿ, ಶುರುವಾಯ್ತು. ಆ ನೋ ಬೇಕು ನಮಗೆ. ಜೋಪಾನವಾಗಿ ಎತ್ತಿಟ್ಕೊಳ್ಳಕ್ಕೆ ಹೇಳಿ."

ನಾನಾಗಲೇ ಪೆನ್ನು ಹಿಡಿದು ಕ್ಯಾಲೆಂಡರಿನ ಮುಂದೆ ನಿಂತಿದ್ದೆ.

"ಮೇಲಿನವರಿಗೆ ಬರೆಯಕ್ಕೆ ಕೊನೇ ದಿನ ಯಾವುದು ಕೇಳಿ ಅಂಕಲ್," ಅಂದೆ. "ಅದಕ್ಕೆ ಮೊದಲೇ ಬರೆಸೋಣ. ಭೇಟಿಗೆ ನಾನೂ ಹೋಗ್ತೀನಿ."