ದೊಡ್ಡಮ್ಮನ ಬಣ್ಣಕ್ಕೆ ತಕ್ಕ ಕಾಗದ

ಇವತ್ತು ಬೆಳಿಗ್ಗೆ ಕಾಗದದ ಹೊಸ ಪೊಟ್ಟಣ ಬಿಚ್ಚಿದೆ. ಬಿಚ್ಚಿದ ಕೂಡಲೇ ಮೂಗಿನ ಹತ್ತಿರ ಹಿಡಿದು ಮೂಸಿದ್ದನ್ನು ನನ್ನ ಹೆಂಡತಿ ಗಿರಿಜೆ ನೋಡಿಬಿಟ್ಟಳು. "ನೀವು ತರಿಸಿರೋದು ಕಾಗದಾನೋ ಕಾಫಿಪುಡೀನೋ?" ಎಂದಳು. ಅವಳಿಗೆ ಹೇಗೆ ಹೇಳಲಿ, ಅಪ್ಪಟ ಹತ್ತಿಯ ಕಾಗದಕ್ಕೆ ಅದರದೇ ಒಂದು ವಾಸನೆಯಿದೆ ಎಂದು? ಗಂಜಿ ಹಾಕಿ ಮಡಿಸಿಟ್ಟ ಪಂಚೆಯನ್ನು ಟ್ರಂಕಿನಿಂದ ತೆಗೆದಾಗ ಬರುತ್ತದಲ್ಲ, ಹೆಚ್ಚುಕಡಿಮೆ ಅದೇ. ನಂಬಿಕೆ ಬರದಿದ್ದರೆ ತಿಪಟೂರಿಗೆ ಬಂದಾಗ ನಮ್ಮ ಮನೆಗೆ ಬನ್ನಿ, ಒಂದು ಹಾಳೆ ಮೂಸಲು ಕೊಡುತ್ತೇನೆ. ಮುಟ್ಟಲು ಮಾತ್ರ ಕೊಡುವುದಿಲ್ಲ. ಅದಕ್ಕೆ ಕಾರಣವಿದೆ, ಹೇಳುತ್ತೇನೆ.

ನಾನು ಸರ್ವೆ ಇಲಾಖೆಯಲ್ಲಿ ಇದ್ದವನು. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೋಟಗಳನ್ನೆಲ್ಲ ಅಳೆದು ನಕ್ಷೆ ಬರೆದು ಆಯುಷ್ಯ ಕಳೆದೆ. ಕಾಗದ ಮತ್ತು ಶಾಯಿಯ ಹುಚ್ಚು ಅಲ್ಲಿಂದಲೇ ಹತ್ತಿದ್ದು. ನಿವೃತ್ತಿಯಾದ ಮೇಲೆ ನನ್ನ ಜೊತೆಯವರು ಕಾಶಿಗೆ ಹೋದರು, ನಾನು ಫೋಟೊ ಮುದ್ರಿಸುವ ದೊಡ್ಡ ಪ್ರಿಂಟರ್ ತಂದೆ. ಅದನ್ನಿಡಲು ರಾಗಿ ಡ್ರಮ್ಮನ್ನು ಅದರ ಜಾಗದಿಂದ ಎಬ್ಬಿಸಬೇಕಾಯಿತು. ಗಿರಿಜೆ ಅದನ್ನು ಇನ್ನೂ ಮರೆತಿಲ್ಲ. ಯಾರಾದರೂ ನೆಂಟರು ಬಂದರೆ, "ನಮ್ಮನೆ ರಾಗಿ ನಡುಮನೇಲಿ ನಿಂತೈತೆ, ಇವರ ಮಿಷಿನ್ನು ರೂಮ್ನಾಗೆ ಮಲಗೈತೆ" ಎಂದು ಹೇಳಿಯೇ ಕಾಫಿ ಕೊಡುವುದು.

ಪ್ರಿಂಟರ್ ತಂದಿದ್ದು ಶೋಕಿಗಲ್ಲ. ಒಂದೇ ಒಂದು ಫೋಟೊ ಮುದ್ರಿಸಬೇಕಿತ್ತು. ಕಾಗದ ಮಾರುವ ಬೆಂಗಳೂರಿನ ಅಂಗಡಿಯವನಿಗೆ ಫೋನು ಮಾಡಿದಾಗ ಅವನು ಮೊದಲು ಕೇಳಿದ್ದೂ ಅದನ್ನೇ.

"ಏನು ಪ್ರಿಂಟ್ ಮಾಡ್ಬೇಕು ಸಾರ್?"

"ನಮ್ಮ ದೊಡ್ಡಮ್ಮನ ಮುಖ."

"ಕಲರ್ರಾ, ಬ್ಲಾಕ್ ಅಂಡ್ ವೈಟಾ?"

"ಫೋಟೊ ಕಲರ್ರು ಕಣ್ರೀ. ದೊಡ್ಡಮ್ಮ ಕಪ್ಪು."

"ಹಂಗಾದ್ರೆ ಮಿರಮಿರ ಅನ್ನೋ ಕಾಗದ ಬೇಡ ಸಾರ್. ಹತ್ತೀದು ತಗೊಳ್ಳಿ, ಮುನ್ನೂರು ಜಿಎಸ್ಎಂ" ಎಂದ. ಒಂದು ಚದರ ಮೀಟರ್ ಹಾಳೆ ಮುನ್ನೂರು ಗ್ರಾಂ ತೂಗುತ್ತದೆ ಎಂದು ಅದರರ್ಥ. ಕೈಯಲ್ಲಿ ಹಿಡಿದರೆ ಮದುವೆ ಕಾಗದಕ್ಕಿಂತ ದಪ್ಪ, ಬಗ್ಗುವುದಕ್ಕೆ ಮನಸ್ಸೇ ಇಲ್ಲದ ಹಾಳೆ.

ಈಗ ದೊಡ್ಡಮ್ಮನ ವಿಷಯ. ಪುಟ್ಟಗೌರಮ್ಮ ಅಂತ ಹೆಸರು, ನಮ್ಮಪ್ಪನ ಅಣ್ಣನ ಹೆಂಡತಿ. ಹೈಸ್ಕೂಲು ಓದುವಾಗ ಶೆಟ್ಟಿಕೆರೆಯ ಅವರ ಮನೆಯಲ್ಲಿದ್ದೆ. ನನಗೆ ಅನ್ನ ಹಾಕಿ, ಬೈದು, ತಲೆಗೆ ಎಣ್ಣೆ ತಿಕ್ಕಿ ಮನುಷ್ಯನನ್ನಾಗಿ ಮಾಡಿದವಳು. ಆ ಮನೆಯ ಅಟ್ಟದ ಯಜಮಾನಿಕೆ ಪೂರ್ತಿ ಅವಳದು. ನಮ್ಮ ಕಡೆ ಕಾಯಿ ಒಡೆದು ಒಣಗಿಸುವುದಿಲ್ಲ. ಇಡೀ ಕಾಯಿಯನ್ನು ಅಟ್ಟಕ್ಕೆ ಹಾಕಿ ವರ್ಷದ ತನಕ ಬಿಡುತ್ತೇವೆ. ಒಳಗಿನ ನೀರು ತಾನಾಗಿಯೇ ಆರಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿ ನಿಲ್ಲಬೇಕು. ದೊಡ್ಡಮ್ಮ ಏಣಿ ಹತ್ತಿ ಒಂದೊಂದೇ ಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸುವಳು. ಒಳಗೆ ಗೊಟಗೊಟ ಅಂದರೆ ಆಯಿತು, ಇಲ್ಲದಿದ್ದರೆ ವಾಪಸ್ಸು. ನನಗೆ ಆತುರ. "ಒಡೆದು ನೋಡಾನ ದೊಡ್ಡಮ್ಮ" ಅಂದರೆ, "ಒಡೆದ್ರೆ ನೋಡ್ದಂಗಾಯ್ತದೆ, ಕೊಬ್ಬರಿ ಆದಂಗಾಯ್ತದಾ?" ಅನ್ನುವಳು. ಅವಳ ಮೈಬಣ್ಣವೂ ಆ ಉಂಡೆ ಕೊಬ್ಬರಿಯ ಮೇಲ್ಸಿಪ್ಪೆಯ ಬಣ್ಣವೇ. ಕಪ್ಪೆಂದರೆ ಬರೀ ಕಪ್ಪಲ್ಲ, ಒಳಗೊಂದು ಕೆಂಪು ಇರುವ ಕಂದು. ಈ ಮಾತನ್ನು ನೆನಪಿಟ್ಟುಕೊಳ್ಳಿ, ನನಗೆ ಆಗ ಇದನ್ನು ನೋಡುವ ಕಣ್ಣು ಇರಲಿಲ್ಲ.

ಕೆಲಸ ಸಿಕ್ಕಿದ ಹೊಸದರಲ್ಲಿ ದೊಡ್ಡಪ್ಪ ದೊಡ್ಡಮ್ಮ ಇಬ್ಬರನ್ನೂ ತಿಪಟೂರಿನ ಒಂದು ಸ್ಟುಡಿಯೋಗೆ ಕರೆದುಕೊಂಡು ಹೋದೆ. ಅವರಿಬ್ಬರೂ ಕೂಡಿ ಇರುವ ಫೋಟೊ ಅದುವರೆಗೆ ಒಂದೂ ಇರಲಿಲ್ಲ, ಮದುವೆಯದೂ ಇಲ್ಲ. ದೊಡ್ಡಮ್ಮ ಹಸಿರು ಸೀರೆ ಉಟ್ಟು, ದಾರಿಯುದ್ದಕ್ಕೂ ಬಸ್ಸಿನ ಕಿಟಕಿ ಹಾಕಿಕೊಂಡೇ ಬಂದಳು, ಧೂಳಿಗೆ ಮುಖ ಕೆಡುತ್ತದೆಂದು. ಫೋಟೊ ತೆಗೆದದ್ದಾಯಿತು. ಅವರಿಬ್ಬರನ್ನು ಹೊರಗೆ ಕೂರಿಸಿ ನಾನು ಒಳಗೆ ಹೋಗಿ ಸ್ಟುಡಿಯೋದವರಿಗೆ ಮೆಲ್ಲಗೆ ಹೇಳಿದೆ: "ದೊಡ್ಡಮ್ಮನ್ನ ಸ್ವಲ್ಪ ಬೆಳ್ಳಗೆ ಮಾಡಿ." ಅವರು ಆಗಲಿ ಎಂದರು. ಆ ಕಾಲಕ್ಕೆ ಅದೇನೂ ಹೊಸ ಮಾತಲ್ಲ, ಹತ್ತರಲ್ಲಿ ಎಂಟು ಜನ ಹೇಳುತ್ತಿದ್ದರು. ನಾನು ಉಪಕಾರ ಮಾಡಿದೆ ಅಂತಲೇ ತಿಳಿದಿದ್ದೆ.

ಫೋಟೊ ಬಂತು. ಕಟ್ಟು ಹಾಕಿಸಿ ಶೆಟ್ಟಿಕೆರೆಗೆ ತೆಗೆದುಕೊಂಡು ಹೋದೆ. ದೊಡ್ಡಪ್ಪ ಇದ್ದ ಹಾಗೆಯೇ ಕಪ್ಪಗೆ ಇದ್ದರು. ಪಕ್ಕದಲ್ಲಿ ಅಕ್ಕಿಹಿಟ್ಟು ಮೆತ್ತಿದ ಮುಖದ ಯಾರೋ ಒಬ್ಬ ಹೆಂಗಸು ದೊಡ್ಡಮ್ಮನ ಸೀರೆ ಉಟ್ಟು ಕೂತಿದ್ದಳು. ದೊಡ್ಡಪ್ಪ ಕನ್ನಡಕ ಏರಿಸಿ ನೋಡಿ, "ಯಾರ್ಲಾ ಇವ್ಳು ನನ್ ಪಕ್ಕದಾಗೆ? ನಿಮ್ ದೊಡ್ಡಮ್ಮ ಎಲ್ಲಿ ಹೋದ್ಳು?" ಎಂದು ನಕ್ಕರು. ಮನೆಯವರೆಲ್ಲ ನಕ್ಕರು. ದೊಡ್ಡಮ್ಮನೂ ನಕ್ಕು, "ಚೆಂದಾಗವ್ಳೆ ಬುಡು, ದೊಡ್ಡ ಮನೆಯೋಳು ಇದ್ದಂಗವ್ಳೆ" ಎಂದು ಒಳಗೆ ಹೋದಳು.

ಅಷ್ಟೇ. ಅವತ್ತಿನಿಂದ ಅವಳು ಫೋಟೊಗೆ ಕೂತಿಲ್ಲ. ನನ್ನ ಮದುವೆಯ ಆಲ್ಬಮ್ಮಿನಲ್ಲಿ ಅವಳಿಲ್ಲ, ಅವಳ ಸ್ವಂತ ಮಗನ ಮದುವೆಯದರಲ್ಲೂ ಇಲ್ಲ. ಕ್ಯಾಮೆರಾದವನು ಬಂದ ಅಂದರೆ ಅವಳಿಗೆ ಅಡುಗೆಮನೆಯಲ್ಲಿ ಏನೋ ಒಂದು ಸೀದು ಹೋಗುತ್ತಿತ್ತು. ಬಲವಂತ ಮಾಡಿದರೆ, "ನನ್ ಫೋಟೊ ಒಂದೈತಲ್ಲ, ಗೋಡೆ ಮ್ಯಾಗೆ" ಅನ್ನುವಳು. ಮೂವತ್ತೈದು ವರ್ಷಕ್ಕೂ ಮೇಲಾಯಿತು. ಆ ಮನೆಯ ಮೊಮ್ಮಕ್ಕಳು ಗೋಡೆಯ ಮೇಲಿನ ಬಿಳಿ ಮುಖ ತೋರಿಸಿ, ಇದು ಯಾರು ಅಂತ ಕೇಳುವುದನ್ನು ನಾನೇ ಕೇಳಿದ್ದೇನೆ. ಹಾಗೆ ಮಾಡಿಸಿದ್ದು ನಾನೆಂದು ಬಾಯಿಬಿಟ್ಟು ಹೇಳಲಿಲ್ಲ. ತಪ್ಪೆಲ್ಲ ಸ್ಟುಡಿಯೋದವರ ಲೆಕ್ಕಕ್ಕೆ ಹೋಗಿತ್ತು, ಹೋಗಲಿ ಎಂದು ಬಿಟ್ಟಿದ್ದೆ.

ಆದರೆ ನೆಗೆಟಿವ್ ನನ್ನ ಹತ್ತಿರವೇ ಇತ್ತು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಜೊತೆ ಒಂದೇ ಫೈಲಿನಲ್ಲಿ. ಬೆಳ್ಳಗಾಗಿದ್ದು ಅಚ್ಚಿನಲ್ಲಿ ಮಾತ್ರ, ನೆಗೆಟಿವ್‌ನಲ್ಲಿ ಅವಳು ಅವಳೇ. ಅದನ್ನು ಕಂಪ್ಯೂಟರಿಗೆ ಏರಿಸಿದೆ. ಇಷ್ಟು ವರ್ಷಗಳಲ್ಲಿ ಬಣ್ಣ ಸೋತಿತ್ತು, ಮುಖ ಉಳಿದಿತ್ತು.

ಇನ್ನು ಶಾಯಿ. ಎರಡು ಜಾತಿ. ಒಂದು ನೀರಿನಲ್ಲಿ ಕರಗಿದ ಬಣ್ಣ, ಓಕುಳಿಯ ಹಾಗೆ. ನೋಡಲು ಥಳಕು, ಆದರೆ ಬೇಗ ಮಾಸುತ್ತದೆ. ಇನ್ನೊಂದು ನುಣ್ಣನೆಯ ಬಣ್ಣದ ಪುಡಿ, ಕಾಗದದ ಮೇಲೆ ಹಣೆಯ ಕುಂಕುಮದಂತೆ ಕೂರುತ್ತದೆ, ಬಹುಕಾಲ ಇರುತ್ತದೆ. ಇದಕ್ಕೆ ಪಿಗ್ಮೆಂಟ್ ಎನ್ನುತ್ತಾರೆ. ಅದರಲ್ಲೂ ಕಪ್ಪು ಎರಡಿವೆ: ಮಿರುಗುವ ಕಾಗದಕ್ಕೆ ಒಂದು, ಮಿರುಗದ್ದಕ್ಕೆ ಒಂದು. ಇದು ತಿಳಿಯದೆ ಮೊದಲ ಹಾಳೆಗೆ ತಪ್ಪು ಕಪ್ಪು ಬಿಟ್ಟೆ, ದೊಡ್ಡಮ್ಮನ ಕೂದಲು ಒಲೆಯ ಬೂದಿಯಾಯಿತು. ಎರಡನೆಯದು ಬಿಳಿ ಬಿಳಿ ಕಾಗದ, ಬಟ್ಟೆಗೆ ನೀಲಿ ಹಾಕಿದಂಥ ಬಿಳುಪು. ಅದರ ಮೇಲೆ ಅವಳು ಜ್ವರ ಬಂದವಳಂತೆ ಕಂಡಳು. ಮೂರನೆಯದು ನೀಲಿ ಬೆರೆಸದ, ಕೆನೆ ಬಣ್ಣದ ಹತ್ತಿಯ ಕಾಗದ. ಇದೇ ಸರಿ ಅನ್ನಿಸಿತು.

ಸರಿ ಅನ್ನಿಸಿದ ಮೇಲೂ ಒಂದು ತಪ್ಪು ಮಾಡಿದೆ. ಈ ಕಾಗದಕ್ಕೆ ಶಾಯಿ ಹಿಡಿಯುವ ಲೇಪ ಒಂದೇ ಮಗ್ಗುಲಲ್ಲಿ ಇರುತ್ತದೆ. ಯಾವ ಮಗ್ಗುಲು ಎಂದು ತಿಳಿಯಬೇಕಲ್ಲ? ನಮ್ಮ ಸೀಮೆಯವರು ಯಾವ ವಸ್ತುವನ್ನೂ ಬರೀ ಕಣ್ಣಲ್ಲಿ ನೋಡಿ ಒಪ್ಪುವುದಿಲ್ಲ, ಕೊಬ್ಬರಿಯನ್ನು ಹೆಬ್ಬೆರಳಿನಿಂದ ಉಜ್ಜಿ ನೋಡುವ ಅಭ್ಯಾಸ. ಹಾಗೆಯೇ ಕಾಗದವನ್ನೂ ನಡುಮಧ್ಯಕ್ಕೆ ಉಜ್ಜಿದೆ. ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿದ ಕೈ. ಎಣ್ಣೆ ಕುಡಿದ ಜಾಗಕ್ಕೆ ಶಾಯಿ ಹತ್ತಲಿಲ್ಲ. ಹಾಳೆ ಹೊರಗೆ ಬಂದಾಗ ದೊಡ್ಡಮ್ಮನ ಎಡಗೆನ್ನೆಯ ಮೇಲೆ ನನ್ನ ಹೆಬ್ಬೆರಳಿನಷ್ಟೇ ಅಗಲಕ್ಕೆ ಒಂದು ಬಿಳಿ ಮಚ್ಚೆ. ಎರಡನೆಯ ಸಲವೂ ಅವಳನ್ನು ಬೆಳ್ಳಗೆ ಮಾಡಿದ್ದು ನಾನೇ. ನಗು ಬರಲಿಲ್ಲ. ಗಿರಿಜೆ ಬಂದು ನೋಡಿ, ಸೀಗೆಪುಡಿಯ ಡಬ್ಬಿ ತಂದು ಪ್ರಿಂಟರ್ ಪಕ್ಕ ಇಟ್ಟು ಹೋದಳು. ಅದು ಈಗಲೂ ಅಲ್ಲಿಯೇ ಇದೆ.

ಸೋತ ಬಣ್ಣವನ್ನು ಎಲ್ಲಿಗೆ ತಂದು ನಿಲ್ಲಿಸುವುದು ಎಂಬುದು ಉಳಿಯಿತು. ಬೆರಳಗಲದ ಆರೇಳು ಪಟ್ಟಿಗಳನ್ನು ಬೇರೆಬೇರೆ ಕಂದಿನಲ್ಲಿ ಮುದ್ರಿಸಿಕೊಂಡು ಶೆಟ್ಟಿಕೆರೆಯ ಬಸ್ಸು ಹತ್ತಿದೆ. ದೊಡ್ಡಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಎಂಬತ್ತು ದಾಟಿದೆ, ದೊಡ್ಡಪ್ಪ ಹೋಗಿ ಆರು ವರ್ಷ, ಕಣ್ಣಿನ ಪೊರೆ ತೆಗೆಸಿದ ಮೇಲೆ ದೃಷ್ಟಿ ನನ್ನದಕ್ಕಿಂತ ಚುರುಕು. ಪಟ್ಟಿಗಳನ್ನು ಅವಳ ಮುಂಗೈಗೆ ಒಂದೊಂದಾಗಿ ಹಿಡಿದು ನೋಡತೊಡಗಿದೆ.

"ಏನ್ಲಾ ಇದು, ಬಳೆಗಾರನಂಗೆ?"

"ನಿನ್ ಬಣ್ಣ ಯಾವ್ದು ಅಂತ ನೋಡ್ತಾ ಇದೀನಿ."

"ಈ ವಯಸ್ನಾಗೆ ಗೊತ್ತಾಯ್ತಾ ನಿಂಗೆ?" ಎಂದವಳು, ನಾಲ್ಕನೆಯ ಪಟ್ಟಿಯನ್ನು ತಾನೇ ಆರಿಸಿ ಕೊಟ್ಟಳು.

ವಾರದ ಮೇಲೆ ಫೋಟೊ ತೆಗೆದುಕೊಂಡು ಹೋದೆ. ಒಂದಿಡೀ ದಿನ ಆರಲು ಬಿಟ್ಟು, ಆಮೇಲೆ ಕಟ್ಟು ಹಾಕಿಸಿದ್ದೆ. ದೊಡ್ಡಮ್ಮ ಅದನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದಳು. ತನ್ನ ಮುಖವನ್ನು ನೋಡಿ, ದೊಡ್ಡಪ್ಪನ ಮುಖವನ್ನು ನೋಡಿ, ಮತ್ತೆ ತನ್ನದನ್ನು ನೋಡಿದಳು. ಇನ್ನು ತಡೆಯಲಾರದೆ ಹೇಳಿಬಿಟ್ಟೆ. "ದೊಡ್ಡಮ್ಮ, ಅವತ್ತು ಸ್ಟುಡಿಯೋದಾಗೆ ಬೆಳ್ಳಗೆ ಮಾಡಿ ಅಂತ ಹೇಳಿದ್ದು ನಾನೇ."

"ಗೊತ್ತಿತ್ತು ಬುಡು" ಎಂದಳು, ತಲೆಯೆತ್ತದೆ. "ಅವ್ನು ತಾನಾಗೇ ಮಾಡಿದ್ರೆ ನಿಮ್ ದೊಡ್ಡಪ್ಪನ್ನೂ ಬೆಳ್ಳಗೆ ಮಾಡ್ತಿದ್ದ."

ಇಷ್ಟು ವರ್ಷ ಅವಳು ನನಗೆ ಎಷ್ಟು ಸಲ ಊಟ ಬಡಿಸಿದ್ದಾಳೆ, ಒಂದು ದಿನ ಈ ಮಾತು ಎತ್ತಲಿಲ್ಲ.

"ಅವ್ರು ಇದ್ದಾಗ ತಂದಿದ್ರೆ ಚೆನ್ನಾಗಿತ್ತು ಕಣಪ್ಪ" ಎಂದಳು ಆಮೇಲೆ. "ಕಾಯಿಲೆ ಬಿದ್ದು ಮಲಗಿದ್ದಾಗ ದಿನಾ ಎದುರಿಗಿದ್ದ ಆ ಬಿಳಿಯೋಳ್ನೇ ನೋಡ್ಕಂಡಿದ್ರು. ಇವ್ಳು ಯಾರು ಅಂತ ನಿಜವಾಗ್ಲೂ ಕೇಳೋರು, ಕೊನೆಕೊನೆಗೆ."

ನಾನು ಅತ್ತೆ. ಮುಚ್ಚಿಟ್ಟು ಏನಾಗಬೇಕು? ಅರವತ್ತು ದಾಟಿದವನು ಜಗಲಿಯ ಮೇಲೆ ಕೂತು ಪಂಚೆಯಲ್ಲಿ ಮೂಗು ಒರೆಸಿಕೊಂಡೆ. ದೊಡ್ಡಮ್ಮ, "ಅಳ್ಬೇಡ, ಫೋಟೊ ನೆಂದೋಗ್ತದೆ" ಎಂದಳು. ಸೊಸೆಯನ್ನು ಕರೆದು ಹೊಸದನ್ನು ನೇತುಹಾಕಿಸಿದಳು. ಹಳೆಯದನ್ನು ನಾನು ತೆಗೆಯಹೋದರೆ ಬಿಡಲಿಲ್ಲ. "ಇರ್ಲಿ, ಅದ್ರಾಗೆ ನಿಮ್ ದೊಡ್ಡಪ್ಪ ಚೆಂದಾಗವ್ರೆ."

ಹೊರಟು ನಿಂತಾಗ ಕೂಗಿ ಕರೆದಳು. ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕಂಬಕ್ಕೆ ಒರಗದೆ ಕೂತಿದ್ದಳು. "ಈಗಿಂದೂ ಒಂದ್ ತೆಗಿ. ಬೆಳ್ಳಗೆ ಮಾಡಂಗಿದ್ರೆ ಈಗ್ಲೇ ಹೇಳು, ಎದ್ದೋಗ್ತೀನಿ."

ಇವತ್ತು ಪೊಟ್ಟಣ ಬಿಚ್ಚಿದ್ದು ಆ ಫೋಟೊಗೆ. ಸೀಗೆಪುಡಿ ಹಾಕಿ ಕೈ ತೊಳೆದು, ಒರೆಸಿ, ಹಾಳೆಯ ಅಂಚು ಹಿಡಿದು ಪ್ರಿಂಟರಿನ ಹಿಂದಿನ ಬಾಯಿಗೆ ಕೊಟ್ಟೆ. ಮುದ್ರಿಸು ಎಂದು ಒತ್ತುವ ಮುಂಚೆ ಪರದೆ ನೋಡಿದೆ. ಯಂತ್ರಕ್ಕೆ ಒಂದು ಅಭ್ಯಾಸವಿದೆ, ಹೊಸ ಫೋಟೊ ತೆರೆದಾಗಲೆಲ್ಲ ಮುಖ ಬೆಳ್ಳಗಾಗಿಸುವ ಚೌಕಕ್ಕೆ ತಾನೇ ಗುರುತು ಹಾಕಿಕೊಳ್ಳುತ್ತದೆ. ಯಾರೂ ಕೇಳಿರುವುದಿಲ್ಲ, ಉಪಕಾರ ಮಾಡುತ್ತದೆ. ನಾನು ಆ ಗುರುತನ್ನು ತೆಗೆದೆ. ತೆಗೆದ ಮೇಲೆ ಕನ್ನಡಕ ಒರೆಸಿ ಹಾಕಿಕೊಂಡು, ನಿಜವಾಗಿ ತೆಗೆದಿದ್ದೇನೆಯೇ ಎಂದು ಇನ್ನೊಂದು ಸಲ ನೋಡಿದೆ.