ಕಂಪ್ಯೂಟರ್‌ಗೆ ಹೇಳದ ಕೊಪ್ಪರಿಗೆಗಳು

ಮೊನ್ನೆ ಕಮಲಾಪುರದಲ್ಲಿ ಪರಿಚಯದವರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಪಂಕ್ತಿಯಲ್ಲಿ ಕೂತಿದ್ದಾಗ ಮನೆಯ ಹಿರಿಯ ಸೊಸೆ ಸಾರು ಬಡಿಸುತ್ತ ಬಂದರು. ಸೌಟು ನನ್ನ ಎಲೆಯ ಮೇಲೆ ಬಾಗಿದಾಗ ಅದರ ಹಿಡಿಕೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಕೊರೆದ ಅಕ್ಷರ ಕಣ್ಣಿಗೆ ಬಿತ್ತು: ಸೌ ೨೩. ನಾನು ಯೋಚಿಸದೆ ಅವರ ಮುಂಗೈ ಹಿಡಿದುಬಿಟ್ಟೆ. ಸಾರು ಎಲೆ ದಾಟಿ ಪಕ್ಕದವರ ಪಂಚೆಯ ಕಡೆ ಹರಿಯಿತು, ಹಿಂದಿನ ಪಲ್ಯದವರು ನಿಂತರು, ಅವರ ಹಿಂದಿನ ಅನ್ನದವರೂ ನಿಂತರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಆ ನಂಬರು ನಾನೇ ಕೊಟ್ಟದ್ದು ಎಂದು ಪಂಕ್ತಿಯ ನಡುವೆ ಹೇಗೆ ಹೇಳುವುದು…

ಆಗ ಕಲಬುರಗಿ ಇನ್ನೂ ಗುಲಬರ್ಗಾ ಆಗಿತ್ತು. ನಾನು ಡಿಗ್ರಿ ಮುಗಿಸಿ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದೆ. ಕೇಂದ್ರ ಮಹಡಿಯ ಮೇಲೆ, ಕೆಳಗೆ ಭಾಂಡೆ ಅಂಗಡಿ. ಮದುವೆ, ಮುಂಜಿ, ತೊಟ್ಟಿಲು ಯಾವುದಕ್ಕಾದರೂ ಪಾತ್ರೆ-ಶಾಮಿಯಾನ ಬಾಡಿಗೆಗೆ ಕೊಡುವ ಅಂಗಡಿ. ಅದರ ಮಾಲೀಕರನ್ನು ಇಡೀ ಓಣಿ ಕಾಕಾ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ದನಿ. ಆದರೆ ಯಾರ ಮನೆಗಾದರೂ ಹೋಗಿ ‘ನನ್ನ ಪಾತ್ರೆ ಕೊಡಿ’ ಎನ್ನಬೇಕಾದಾಗ ಮಾತ್ರ ಆ ದನಿ ಗಂಟಲಲ್ಲೇ ಉಳಿಯುತ್ತಿತ್ತು. ಕೇಳಿದರೆ ಅವರು ಏನು ತಿಳಿದುಕೊಂಡಾರು ಎಂಬ ಸಂಕೋಚ. ಹೀಗಾಗಿ ಸುತ್ತಲ ಊರುಗಳ ಅಡುಗೆಮನೆಗಳಲ್ಲಿ ಅವರ ಪಾತ್ರೆಗಳು ಹಾಯಾಗಿ ಸಂಸಾರ ಮಾಡುತ್ತಿದ್ದವು.

ಅಂದಿನ ಕಂಪ್ಯೂಟರ್ ಕೋಣೆಗೆ ಧೂಳು ಹೋಗಬಾರದೆಂದು ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿತ್ತು. ನಮ್ಮ ಮೆಟ್ಟಿಲ ಮೇಲೆ ದಿನವೂ ಚಪ್ಪಲಿಗಳ ರಾಶಿ ನೋಡಿ ನೋಡಿ ಕಾಕಾ ಒಂದು ದಿನ ಮೇಲೆ ಬಂದರು. ತಾವೂ ಚಪ್ಪಲಿ ಬಿಟ್ಟು, ಬಾಗಿಲ ಗಾಜಿನಿಂದ ಇಣುಕಿ, ತಣ್ಣನೆಯ ಗಾಳಿಗೆ ಮೈ ಒಡ್ಡಿ ಭಕ್ತಿಯಿಂದ ನಿಂತರು.

“ತಂಗಿ, ಇಷ್ಟು ಮಡಿ ನಮ್ಮ ಮನಿ ದೇವರ ಜಗಲಿಗಿ ಬಿ ಇಲ್ಲ. ಇದು ಖರೇನೇ ಎಲ್ಲಾ ನೆಪ್ಪ ಇಟ್ಕೋತದೇನು?”

ಇಟ್ಟುಕೊಳ್ಳುತ್ತದೆ ಎಂದೆ. ಹಬ್ಬ ಕಳೆಯುವಷ್ಟರಲ್ಲಿ ಅವರ ಅಂಗಡಿಗೆ ಒಂದು ಹಳೆಯ ಕಂಪ್ಯೂಟರ್ ಬಂತು. ಕಾಕು, ಅಂದರೆ ಅವರ ಹೆಂಡತಿ, ಅದಕ್ಕೆ ಕುಂಕುಮವಿಟ್ಟು ಊದುಬತ್ತಿ ಬೆಳಗಿದರು. ಮಗಳು ಕಸೂತಿ ಹಾಕಿದ ಒಂದು ಗೌಸು ಹೊಲಿದು ಹೊದಿಸಿದಳು. ಅಂಗಡಿಯಲ್ಲಿ ಅದರ ಸುತ್ತ ಸುಣ್ಣದ ಗೆರೆ ಎಳೆದು, ಗೆರೆಯೊಳಗೆ ಚಪ್ಪಲಿ ನಿಷೇಧ ಎಂದಾಯಿತು. ಪಾಠ ಮುಗಿದ ಮೇಲೆ ಕೆಳಗಿಳಿದು ಅದಕ್ಕೊಂದು ಡೇಟಾಬೇಸ್ ಮಾಡಿಕೊಡುವ ಕೆಲಸ ನನ್ನದಾಯಿತು.

ನಾನು ಆಗ ಹೊಸದಾಗಿ ಕಲಿತವಳು, ಕಲಿತದ್ದನ್ನೆಲ್ಲ ಯಾರ ಮೇಲಾದರೂ ಪ್ರಯೋಗಿಸುವ ಉಮೇದಿನಲ್ಲಿದ್ದೆ. ಮೂರು ಟೇಬಲ್ ಸಾಕು ಎಂದು ವಿವರಿಸಿದೆ. ಒಂದರಲ್ಲಿ ಗಿರಾಕಿಗಳು, ಇನ್ನೊಂದರಲ್ಲಿ ಸಾಮಾನು, ಮೂರನೆಯದರಲ್ಲಿ ಯಾವ ಗಿರಾಕಿ ಯಾವ ಸಾಮಾನು ಯಾವತ್ತು ಒಯ್ದ, ಯಾವತ್ತು ತಂದ ಎಂಬುದು. ಮೂರನೆಯದರಲ್ಲಿ ಹೆಸರು ಬರೆಯುವುದಿಲ್ಲ, ಬರೀ ನಂಬರು. ಆ ನಂಬರು ಹಿಡಿದು ಕಂಪ್ಯೂಟರ್ ಮೊದಲೆರಡು ಟೇಬಲ್‌ಗಳಿಗೆ ಹೋಗಿ ಹೆಸರು, ಊರು ಹುಡುಕಿಕೊಂಡು ಬರುತ್ತದೆ. ನಂಬರೆಂದ ಕೂಡಲೇ ಕಾಕಾ ಮುಖ ಗಂಟಿಕ್ಕಿದರು.

“ಮಂದಿಗಿ ನಂಬರ್ ಹಾಕ್ಲಿಕ್ಕ ಅವ್ರೇನು ಜೇಲಿನಾಗ ಅದಾರೇನು?”

“ಕಾಕಾ, ನಿಮ್ಮ ಗಿರಾಕಿಗಳಾಗ ಶರಣಪ್ಪ ಎಷ್ಟು ಮಂದಿ ಅದಾರ?”

ಕಾಕಾ ಬೆರಳು ಮಡಿಚಲು ಶುರು ಮಾಡಿದರು. ಎರಡೂ ಕೈಯ ಬೆರಳು ಮುಗಿದು ಕಾಕುವಿನ ಕೈ ಕಡ ಕೇಳುವ ಹೊತ್ತಿಗೆ ಒಪ್ಪಿಕೊಂಡರು. ಆದರೆ ಒಂದನೇ ನಂಬರು ತಮ್ಮದೇ ಆಗಬೇಕು ಎಂದರು. ನೀವು ಗಿರಾಕಿಯಲ್ಲ, ಮಾಲೀಕರು ಎಂದರೂ ಕೇಳಲಿಲ್ಲ. ಸ್ವಂತ ಅಂಗಡಿಯ ಗಿರಾಕಿ ಟೇಬಲ್‌ನಲ್ಲಿ ಅವರೇ ಮೊದಲಿಗರಾಗಿ ಕೂತರು.

ಪಾತ್ರೆಗಳಿಗೂ ನಂಬರು ಬೇಕಿತ್ತು. ಪಾತ್ರೆಯ ಮೇಲೆ ಹೆಸರು ಕೊರೆಯುವವನೊಬ್ಬನನ್ನು ಕರೆಸಿದೆವು. ಅವನು ಉಳಿ ಹಿಡಿದು ಯಾರ ಹೆಸರು ಎಂದು ಕೇಳಿದ. ಹೆಸರಲ್ಲ, ನಂಬರು ಎಂದೆ. ಅಷ್ಟು ಕೊಪ್ಪರಿಗೆ, ಪರಾತ, ಸೌಟುಗಳನ್ನು ನೋಡಿ, “ಹೆಸರಿಡ್ಲಿಕ್ಕ ಸಾಕಾಗಿ ನಂಬರ್ ಇಡಾಕತ್ತೀರೇನ್ರೀ?” ಎಂದು ಕೇಳಿದ. ಟಣ್ ಟಣ್ ಸದ್ದಿಗೆ ಮೇಲೆ ನಮ್ಮ ಕೇಂದ್ರದಲ್ಲಿ ಪಾಠ ನಿಂತಿತು.

ಹಳೆಯ ಲೆಕ್ಕದ ಪುಸ್ತಕದಿಂದ ಮಾಹಿತಿಯೆಲ್ಲ ತುಂಬಿದ ಮೇಲೆ ಕಾಕಾಗೆ ಪ್ರಶ್ನೆ ಕೇಳುವ ಹುಚ್ಚು ಹಿಡಿಯಿತು. ಕ್ವೆರಿ ಎನ್ನಲು ಬಾರದೆ ಅವರು ‘ಪ್ರಶ್ನಿ’ ಎನ್ನುತ್ತಿದ್ದರು. ಕೈಮುಗಿದು ಗೆರೆಯಾಚೆ ನಿಂತು, “ನಮ್ಮ ಪರಾತದಾಗ ಉಪ್ಪಿನಕಾಯಿ ಹಾಕಿಟ್ಟೋರು ಯಾರು, ಕೇಳು” ಎನ್ನುವರು. ಅದಕ್ಕೆ ನಮ್ಮ ಟೇಬಲ್‌ನಲ್ಲಿ ಕಾಲಂ ಇಲ್ಲ ಕಾಕಾ ಎಂದರೆ, “ಹಂಗಾರ ಯಾರು ಒಯ್ದು ತಂದಿಲ್ಲ, ಅದನ್ನರ ಕೇಳು” ಎನ್ನುವರು. ತಂದ ತಾರೀಖು ಖಾಲಿ ಇರುವ ಸಾಲುಗಳನ್ನೆಲ್ಲ ಹೆಸರು, ಊರು ಸಮೇತ ತೋರಿಸು ಎಂದು ನಾನು ಬರೆದರೆ ಪರದೆಯ ತುಂಬ ಸಾಲು ಇಳಿಯುತ್ತಿತ್ತು. ಕಾಕಾ ಒಂದೊಂದೇ ಹೆಸರು ಓದಿ, “ಭಾಳ ಛಲೋ ಮಂದಿ” ಎಂದು ನಿಟ್ಟುಸಿರಿಟ್ಟು, ಅಲ್ಲಿಗೇ ಬಿಡುತ್ತಿದ್ದರು.

ಅವರ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಸಾವಾದ ಮನೆಗೆ ಪಾತ್ರೆ ಕೊಟ್ಟರೆ ಬಾಡಿಗೆ ಇಲ್ಲ, ಮತ್ತು ಎಲ್ಲಿಯೂ ಬರೆಯುವುದಿಲ್ಲ. ಬರೆದಿಟ್ಟರೆ ಮತ್ತೆ ಆ ಮನೆಯಿಂದ ಅದೇ ಕೆಲಸಕ್ಕೆ ಬರಲಿ ಎಂದು ಕಾದಂತಾಗುತ್ತದಂತೆ. ಒಯ್ದವರೂ ಹೇಳುವುದಿಲ್ಲ, ಕೊಟ್ಟವರೂ ಕೇಳುವುದಿಲ್ಲ. ಕಂಪ್ಯೂಟರ್ ಬಂದ ಮೇಲೆ ಇದಕ್ಕೆ ಇನ್ನೊಂದು ಸೇರಿತು. ಯಾರಾದರೂ ಹೆಗಲ ಮೇಲೆ ಟವೆಲ್ ಹಾಕಿಕೊಂಡು ತಲೆತಗ್ಗಿಸಿ ಅಂಗಡಿ ಮೆಟ್ಟಿಲು ಹತ್ತಿದರೆ ಸಾಕು, ಕಾಕಾ ಓಡಿ ಹೋಗಿ ಕಂಪ್ಯೂಟರ್ ಮೇಲೆ ಗೌಸು ಎಳೆಯುತ್ತಿದ್ದರು. ಚಪ್ಪಲಿ ಬಿಟ್ಟು ಹೋಗಬೇಕಾದಂಥ ವಸ್ತುವಿನ ಎದುರು ಅಶುಭ ಆಡಬಹುದೇ? ನನಗೆ ಇದು ಬಹಳ ದಿನ ಗೊತ್ತೇ ಇರಲಿಲ್ಲ. ಧೂಳಿಗೆ ಹೆದರುತ್ತಾರೆ ಎಂದುಕೊಂಡಿದ್ದೆ.

ಅಷ್ಟರಲ್ಲಿ ಅವರ ಒಬ್ಬಳೇ ಮಗಳ ಮದುವೆ ಕಮಲಾಪುರಕ್ಕೆ ನಿಶ್ಚಯವಾಯಿತು. ಬೀಗರು ಅನುಕೂಲಸ್ಥರು, ಒಳ್ಳೆಯವರು, ಆದರೆ ಬೀಗತಿಯ ನಾಲಗೆ ಸ್ವಲ್ಪ ಹರಿತ. ಮದುವೆ ಅವರ ಅಂಗಳದಲ್ಲೇ. ಅವರು ಕೇಳಿದ್ದು ಒಂದೇ, ಊರಿಗೆಲ್ಲ ಊಟ, ಪಾತ್ರೆ ನಿಮ್ಮದು. ಕಾಕಾ ಎದೆ ತಟ್ಟಿಕೊಂಡು, “ನನ್ನ ಕೊಪ್ಪರಗಿ ಎಲ್ಲಿ ಅದಾವಂತ ಕಂಪ್ಯೂಟರ್ ಹೇಳ್ತದ. ನೀವು ಹುಗ್ಗಿಗಿ ಗೋದಿ ಅಷ್ಟ ನೆನಿ ಹಾಕ್ರಿ” ಎಂದು ಬಂದಿದ್ದರು. ಭಾಂಡೆ ಅಂಗಡಿಯವನ ಮಗಳ ಮದುವೆಯಲ್ಲಿ ಪಾತ್ರೆ ಕಡಿಮೆ ಬಿದ್ದರೆ ಏನಾಗುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆ ಮಾತನ್ನು ಮಗಳು ಆ ಮನೆಯಲ್ಲಿ ಬದುಕಿರುವವರೆಗೆ ಕೇಳಬೇಕಾಗುತ್ತದೆ.

ಮದುವೆಯ ಹಿಂದಿನ ದಿನ ಬೆಳಿಗ್ಗೆ ಟೆಂಪೋ ಬಂತು. ಮದುವೆಗೆ ಸಾಕಾಗುವಷ್ಟು ದೊಡ್ಡ ಕೊಪ್ಪರಿಗೆಗಳು ಗುದಾಮಿನಲ್ಲಿವೆ ಎಂದು ಕಂಪ್ಯೂಟರ್ ಹೇಳಿತು. ಕಾಕಾ ಅದಕ್ಕೆ ನಮಸ್ಕಾರ ಮಾಡಿ ಗುದಾಮಿನ ಬಾಗಿಲು ತೆಗೆದರು. ಒಳಗೆ ಕೊಪ್ಪರಿಗೆ ಇರಲಿಲ್ಲ. ಅವು ಕೂತಲ್ಲಿ ನೆಲದ ಮೇಲೆ ದುಂಡು ಗುರುತು ಮಾತ್ರ ಇದ್ದವು.

ಕಾಕಾ ನನ್ನನ್ನು ನೋಡಿದರು. ನಾನು ಕಂಪ್ಯೂಟರನ್ನು ನೋಡಿದೆ. ಕಾಕು ಯಾರನ್ನೂ ನೋಡಲಿಲ್ಲ.

“ಎಲ್ಲಿ ಹೋದವು?” ಕಾಕಾ ಕೇಳಿದರು.

“ಮಹಾಗಾಂವಕ್ಕ,” ಎಂದರು ಕಾಕು, ಸೆರಗಿನ ಅಂಚು ನೋಡುತ್ತ.

“ಯಾಕ?”

ಮದುವೆಯ ಮನೆಯಲ್ಲಿ ಆ ಮಾತು ಆಡುವಂತಿಲ್ಲ. ಕಾಕು ಒಂದು ಬೆರಳು ಮೇಲಕ್ಕೆ ಎತ್ತಿ ಮಾಳಿಗೆಯ ಕಡೆ ತೋರಿಸಿದರು. ನಾನು ದಡ್ಡಿ, ಮೇಲೆ ನಮ್ಮ ತರಬೇತಿ ಕೇಂದ್ರದಲ್ಲಿ ಇಟ್ಟಿದ್ದಾರೆ ಎಂದುಕೊಂಡು ಎರಡು ಮೆಟ್ಟಿಲು ಹತ್ತಿಯೂ ಬಿಟ್ಟೆ. ಮಹಾಗಾಂವದ ಹಿರಿಯ ಗೌಡರು ತೀರಿಕೊಂಡಿದ್ದರು. ಕಾಕಾ ಲಗ್ನಪತ್ರಿಕೆ ಹಂಚಲು ಹೋಗಿದ್ದಾಗ ಅವರ ಕಡೆಯವರು ಬಂದಿದ್ದಾರೆ, ಕಾಕು ಗೌಸು ಎಳೆದು ಕೊಪ್ಪರಿಗೆ ಕೊಟ್ಟು ಕಳಿಸಿದ್ದಾರೆ. ಮದುವೆ ಮನೆಯೆಂದು ಗಂಡನಿಗೂ ಹೇಳಿಲ್ಲ. ಸತ್ತವರ ದಿವಸದ ಊಟ ಮುಗಿಯುವ ಮುಂಚೆ ಆ ಮನೆಯಿಂದ ಪಾತ್ರೆ ವಾಪಸ್ ತರುವಂತಿಲ್ಲ. ತಂದರೂ ಮಗಳ ಮದುವೆಯ ಹುಗ್ಗಿಗೆ ಅದನ್ನು ಒಲೆಗೆ ಏರಿಸುವಂತಿಲ್ಲ. ಬೇರೆ ಅಂಗಡಿಗಳಲ್ಲಿ ಕೇಳೋಣವೆಂದರೆ ಎಲ್ಲ ಮದುವೆಗಳೂ ಅದೇ ಮುಹೂರ್ತಕ್ಕೆ ಇದ್ದವು.

ಕಾಕಾ ಬೋರಲು ಹಾಕಿದ ಬುಟ್ಟಿಯ ಮೇಲೆ ಕುಸಿದು ಕೂತರು. ಅಷ್ಟು ದೊಡ್ಡ ದನಿಯ ಮನುಷ್ಯ ಪಿಸುಗುಟ್ಟಿದ್ದನ್ನು ನಾನು ಅವತ್ತೇ ಕೇಳಿದ್ದು. “ತಂಗಿ, ನನ್ನ ಮಗಳಿಗಿ ಅವ್ರು ಏನಂತಾರ…”

ನನಗೆ ಅಳು ಬಂತು, ಜೊತೆಗೆ ಆ ಖಾಲಿ ತಾರೀಖಿನ ಸಾಲುಗಳೂ ನೆನಪಾದವು. ಗೆರೆಯೊಳಗೆ ಚಪ್ಪಲಿ ಸಮೇತ ನುಗ್ಗಿದೆ. ಯಾರೂ ತಡೆಯಲಿಲ್ಲ. ಸಾಮಾನು ಕೊಪ್ಪರಿಗೆ, ತಂದ ತಾರೀಖು ಖಾಲಿ, ಗಿರಾಕಿಯ ಊರು ಕಮಲಾಪುರ ಎಂದು ಮೂರೂ ಟೇಬಲ್ ಕೂಡಿಸಿ ಕೇಳಿದೆ. ಪ್ರಿಂಟರ್ ಕರಕರ ಎಂದು ಹಲ್ಲು ಕಡಿಯುತ್ತ ಪಟ್ಟಿ ಉಗುಳಿತು. ಮದುವೆಗೆ ಬೇಕಾದಷ್ಟು ಕೊಪ್ಪರಿಗೆಗಳು ಮದುವೆಯ ಊರಿನಲ್ಲೇ ಇದ್ದವು! ಪಟ್ಟಿಯ ಮೊದಲ ಹೆಸರು ಮಾತ್ರ ಬೀಗರದು.

“ಅದೊಂದು ಮಡಚು,” ಎಂದು ಕಾಕಾ ಬೇಡಿಕೊಂಡರು. ಮೊದಲ ಸಾಲು ಕಾಣದಂತೆ ಕಾಗದ ಮಡಚಿದೆ.

ಟೆಂಪೋ ಮಹಾಗಾಂವ ಕ್ರಾಸ್ ದಾಟುವಾಗ ಕಾಕಾ ಕಣ್ಣು ಮುಚ್ಚಿಕೊಂಡಿದ್ದರು. ಕಮಲಾಪುರದ ಮೊದಲ ಮನೆಯ ಮುಂದೆ ಇಳಿದು, ಮಳೆ ಹೇಗೆ, ತೊಗರಿ ಹೇಗೆ, ಮಕ್ಕಳು ಹೇಗೆ ಎಂದು ವಿಚಾರಿಸಿದರು. ಅಂಗಳದಲ್ಲಿ ಅವರದೇ ಕೊಪ್ಪರಿಗೆಯಲ್ಲಿ ಎಮ್ಮೆ ನೀರು ಕುಡಿಯುತ್ತಿತ್ತು. ಕಾಕಾ ಎಮ್ಮೆಯ ಕ್ಷೇಮವನ್ನೂ ವಿಚಾರಿಸಿ ಹೊರಡಲು ಎದ್ದರು. ನಾನು ತಡೆಯಲಾರದೆ ಕಾಗದ ಮುಂದೆ ಹಿಡಿದೆ. ಮನೆಯ ಯಜಮಾನ ಅದರಲ್ಲಿ ತನ್ನ ಹೆಸರು ನೋಡಿ ಬೆವರಿದ. ಆಗ ಕಾಕಾಗೆ ಎಲ್ಲಿಂದ ಹೊಳೆಯಿತೋ,

“ನಾ ಕೇಳಾಕತ್ತಿಲ್ರೀ, ಕಂಪ್ಯೂಟರ್ ಕೇಳಾಕತ್ತದ!” ಎಂದುಬಿಟ್ಟರು.

ಆಮೇಲೆ ಅವರನ್ನು ಹಿಡಿಯುವುದೇ ಕಷ್ಟವಾಯಿತು. ತಾವು ಸಂಕೋಚಪಡುವ ಕಾರಣವೇ ಇಲ್ಲ, ಕೇಳುವವರು ಬೇರೆ ಇದ್ದಾರಲ್ಲ. ಒಬ್ಬರ ಕೊಪ್ಪರಿಗೆಯಲ್ಲಿ ತೊಗರಿ, ಇನ್ನೊಬ್ಬರದರಲ್ಲಿ ಹುಲ್ಲು ಮುಚ್ಚಿ ಹಣ್ಣಿಗಿಟ್ಟ ಕೆಂಪು ಬಾಳೆಯ ಗೊನೆ. ಗೊನೆ ಎತ್ತಿಟ್ಟು ಕೊಪ್ಪರಿಗೆ ಕೊಟ್ಟರು, ಕಂಪ್ಯೂಟರ್‌ಗೆ ಇರಲಿ ಎಂದು ಒಂದು ಚಿಪ್ಪು ಹಣ್ಣನ್ನೂ ಕೊಟ್ಟರು. ಸುದ್ದಿ ನಮಗಿಂತ ಮುಂದೆ ಓಡಿತು. ಸಂಜೆಯ ಹೊತ್ತಿಗೆ ಜನ ತಾವೇ ಹೊತ್ತು ತಂದು, ಪಟ್ಟಿಯಲ್ಲಿ ತಮ್ಮ ಹೆಸರು ಎಲ್ಲಿದೆ ತೋರಿಸಿ ಎಂದು ನಿಲ್ಲತೊಡಗಿದರು.

ಬೀಗರ ಅಂಗಳದಲ್ಲಿ ಎಲ್ಲ ಇಳಿಸಿದ ಮೇಲೆ ಹುಗ್ಗಿಗೆ ಒಂದು ಕೊಪ್ಪರಿಗೆ ಕಡಿಮೆ ಬಿತ್ತು. ಅದು ಎಲ್ಲಿದೆ ಎಂಬುದು ನನಗೂ ಕಾಕಾಗೂ ಗೊತ್ತು. ಇಬ್ಬರೂ ಮಡಚಿದ ಕಾಗದ ನೋಡುತ್ತ ನಿಂತೆವು. ಅಷ್ಟರಲ್ಲಿ ಬಚ್ಚಲಮನೆಯ ಕಡೆಯಿಂದ ದೊಡ್ಡ ಸದ್ದು ಬಂತು. ಬೀಗತಿ ಮಸಿ ಹಿಡಿದ ಕೊಪ್ಪರಿಗೆಯೊಂದನ್ನು ಉರುಳಿಸಿಕೊಂಡು ಬರುತ್ತಿದ್ದರು, ಮುಖವೂ ಅದರಷ್ಟೇ ಕಪ್ಪಾಗಿತ್ತು. ಕಾಕಾ ಕಂಬ ಹಿಡಿದುಕೊಂಡರು.

“ಊರಾಗ ಎಲ್ಲಾರ ಮನಿ ಹೆಸರು ಕಂಪ್ಯೂಟರಿನಾಗ ಬಂದದಂತ. ಬೀಗರ ಮನಿ ಹೆಸರ ಇಲ್ಲಂದ್ರ ನಾವೇನು ಅಷ್ಟು ಸಣ್ಣವ್ರೇನ್ರೀ?”

ಕಾಕಾ ನನ್ನ ಕೈಯಿಂದ ಕಾಗದ ಕಿತ್ತುಕೊಂಡು ಮಡಿಕೆ ಬಿಡಿಸಿದರು. “ಅದ ರೀ! ಎಲ್ಲಾರಿಗಿಂತ ಮೊದಲ ನಿಮ್ದ ಅದ, ನೋಡ್ರಿ!”

ಬೀಗತಿ ಆ ಸಾಲನ್ನು ಮಗನಿಂದ ಎರಡು ಸಲ ಓದಿಸಿಕೊಂಡರು. ಆ ಪಟ್ಟಿಯನ್ನು ಬಹಳ ದಿನ ಲಗ್ನಪತ್ರಿಕೆಯ ಜೊತೆ ಇಟ್ಟುಕೊಂಡಿದ್ದರಂತೆ. ಹುಗ್ಗಿ ಮಾತ್ರ ಅದ್ಭುತವಾಗಿತ್ತು.

ಮದುವೆ ಮುಗಿದ ಮೇಲೆ ನಾನು ಗಂಭೀರವಾಗಿ ಹೇಳಿದೆ, ಸಾವಿನ ಮನೆಗೆ ಕೊಡುವುದನ್ನೂ ಬರೆಯಲೇಬೇಕು, ಅದಕ್ಕೊಂದು ಟೇಬಲ್ ಮಾಡುತ್ತೇನೆ ಎಂದು. ಕಾಕಾ ಎದ್ದು ಮೊದಲು ಗೌಸು ಎಳೆದರು. “ತಂಗಿ, ಪಾಪ ಅದು ಎಲ್ಲಾರೂ ಲಗ್ನ ಮಾಡ್ಕೋತಾರ, ತೊಟ್ಟಿಲಾ ಕಟ್ತಾರ ಅಂತ ತಿಳ್ಕೊಂಡದ. ಹಂಗ ಇರ್ಲಿ ಬಿಡು.” ಹಾಗೇ ಬಿಟ್ಟೆ.

ಕೆಲವು ವರ್ಷಗಳ ನಂತರ ಕಾಕಾ ಹೋದರು. ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ದಿವಸದ ಅಡುಗೆಗೆ ಕೊಪ್ಪರಿಗೆಗಳು ಅವರದೇ ಗುದಾಮಿನಿಂದ ಅವರದೇ ಅಂಗಳಕ್ಕೆ ಬಂದವು. ನಾನು ಅಂಗಡಿಯೊಳಗೆ ಹೋದಾಗ ಕಂಪ್ಯೂಟರ್ ಚಾಲೂ ಇತ್ತು. ಆ ಕೊಪ್ಪರಿಗೆಗಳು ಎಲ್ಲಿವೆ ಎಂದು ಸುಮ್ಮನೆ ಕೇಳಿದೆ. ಎಲ್ಲವೂ ಗುದಾಮಿನಲ್ಲಿವೆ ಎಂದಿತು. ಹೊರಗೆ ಅವುಗಳಲ್ಲಿ ಅನ್ನ ಕುದಿಯುವ ವಾಸನೆ ಬರುತ್ತಿತ್ತು. ನಾನು ಏನೂ ಬರೆಯಲಿಲ್ಲ. ಚಪ್ಪಲಿ ಗೆರೆಯಾಚೆಯೇ ಬಿಟ್ಟಿದ್ದೆ ಎಂದು ಆಗ ಗಮನಕ್ಕೆ ಬಂತು… ಗೌಸು ಎಳೆದು ಹೊರಗೆ ಬಂದು ಬಹಳ ಹೊತ್ತು ಅತ್ತೆ.

ಈಗ ಅಂಗಡಿ ಇಲ್ಲ. ಕಲ್ಯಾಣ ಮಂಟಪಗಳು ತಮ್ಮ ಪಾತ್ರೆ ತಾವೇ ಇಟ್ಟುಕೊಂಡವು, ಕಂಪ್ಯೂಟರ್ ಗುಜರಿಗೆ ಹೋಯಿತು.

ಪಂಕ್ತಿ ಎದ್ದ ಮೇಲೆ ನಾನು ಆ ಸೊಸೆಯನ್ನು ಹುಡುಕಿಕೊಂಡು ಹೋಗಿ ಕ್ಷಮೆ ಕೇಳಿ, ಈ ಸೌಟು ಎಲ್ಲಿಂದ ಬಂತು ಎಂದು ವಿಚಾರಿಸಿದೆ.

“ನಮ್ಮ ಮಾವ ಹೋದಾಗ ಗುಲಬರ್ಗಾದಿಂದ ಭಾಂಡೆ ತರಿಸಿದ್ರು ರೀ. ಇದೊಂದು ಉಳೀತು. ಅವ್ರು ಕೇಳಲಿಲ್ಲ, ನಾವು ಕೊಡಲಿಲ್ಲ. ನಿಮ್ದೇನ್ರೀ?”

ನನ್ನದಲ್ಲ ಎಂದೆ. ಕೈಯಲ್ಲಿ ಹಿಡಿದು ಆ ಚುಕ್ಕೆಗಳ ಮೇಲೆ ಬೆರಳಾಡಿಸಿ, ತಿರುಗಿ ಸಾರಿನ ಪಾತ್ರೆಯಲ್ಲೇ ಇಟ್ಟೆ. ಬರೆಯದೆ ಬಂದದ್ದು, ಅಲ್ಲೇ ಇರಲಿ. ಆ ಕಂಪ್ಯೂಟರಿನ ಪಾಲಿಗೆ ಸೌಟು ಇಪ್ಪತ್ತಮೂರು ಇವತ್ತಿಗೂ ಅಂಗಡಿಯ ಮೊಳೆಗೆ ನೇತಾಡುತ್ತಿದೆ, ಅದರ ಕೆಳಗೆ ಗಿರಾಕಿ ನಂಬರ್ ಒಂದು ಕೈಮುಗಿದುಕೊಂಡು ನಿಂತಿದ್ದಾರೆ. ಅವರು ಹೋದ ಸುದ್ದಿಯನ್ನು ನಾವು ಯಾರೂ ಅದಕ್ಕೆ ಹೇಳಲಿಲ್ಲ.